ಮೀನ್‌ಪುಡಿ ಶೀಲಾವತಿ

ಡಾಕ್ಟರ್ ಸಂಗಪ್ಪನವರಿಗೆ ಮೀನಿನ ವಾಸನೆ ಆಗುತ್ತಿರಲಿಲ್ಲ. ಕೋಳಿಯ ವಾಸನೆ ಹೇಗೋ ಅಭ್ಯಾಸವಾಗಿಹೋಗಿತ್ತು. ಧಾರವಾಡದ ಕಡೆಯ, ಮೊಟ್ಟೆ ಮುಟ್ಟದ ಮನೆತನದವರು ಅವರು. ಮುಂಬಯಿಯ ಕುರ್ಲಾದ ಆಚೆಗಿದ್ದ ಸರ್ಕಾರಿ ಕೋಳಿ ಪ್ರಯೋಗಾಲಯದ ಮುಖ್ಯಸ್ಥರಾಗಿ ವರ್ಷಗಟ್ಟಲೆ ಕಳೆದಿದ್ದರೂ, ಕೋಳಿಗೆ ಏನು ತಿನ್ನಿಸಬೇಕು ಎಂಬ ವಿಷಯದಲ್ಲಿ ಅವರ ಮನಸ್ಸು ತಮ್ಮ ಮನೆಯ ಅಡುಗೆಮನೆ ದಾಟಿ ಹೊರಗೆ ಬಂದಿರಲಿಲ್ಲ. ಶೇಂಗಾ ಹಿಂಡಿ, ಜೋಳ, ಗೋಧಿ ಬೂಸಾ, ಇಷ್ಟರಲ್ಲೇ ಈ ದೇಶದ ಕೋಳಿ ಬೆಳೆಯಬೇಕು ಎಂಬುದು ಅವರ ಹಟ. ಆ ಹಟಕ್ಕೆ ಅಡ್ಡ ಬಂದವಳು ಶೀಲಾವತಿ ಕರ್ಕೇರ.

ಶೀಲಾವತಿ ಮೊಗವೀರರ ಹುಡುಗಿ. ಉಡುಪಿಯ ಕಡಲ ಬದಿಯಿಂದ ಬಂದು ಮುಂಬಯಿಯಲ್ಲಿ ಮೀನಿನ ಬೋಟಿಗೆ ಹೋಗುತ್ತಿದ್ದ ತಂದೆ ದೂಜ ಅವಳು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ. ಅಣ್ಣ ಸೀನ ಶಾಲೆ ಬಿಟ್ಟು ಅದೇ ಬೋಟು ಹತ್ತಿದ. ಮನೆಯಲ್ಲಿ ಒಬ್ಬರಾದರೂ ಓದಲಿ ಎಂದು ತಾಯಿ ಸೇವಂತಿ ಬಿಡದೆ ಕೂತದ್ದರಿಂದ ತಂಗಿ ಕಾಲೇಜು ಕಂಡಳು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಪ್ರಯೋಗಾಲಯದ ಆಹಾರ ವಿಭಾಗಕ್ಕೆ ಸೇರಿದಾಗ ಅಲ್ಲಿ ಅವಳೊಬ್ಬಳೇ ಹೆಂಗಸು. ಮೊದಲ ವಾರವೇ ಯಾರೋ ಒಬ್ಬರು, ಮೀನು ಕೊಯ್ಯುವ ಕೈಗೆ ಪಿಪೆಟ್ ಬಂತು ಎಂದು ಹಿಂದಿನಿಂದ ನಕ್ಕರು. ಅವಳು ತಿರುಗಿ ನಿಂತು, "ಬರ್ಲಿ ಬಿಡಿ. ನೀವು ಅಳೆದದ್ದನ್ನೆಲ್ಲ ಯಾರಾದ್ರೂ ಇನ್ನೊಮ್ಮೆ ಅಳೀಬೇಕಲ್ಲ" ಎಂದಳು. ಆಮೇಲೆ ಅವಳ ಎದುರಿಗೆ ಯಾರೂ ನಗಲಿಲ್ಲ, ಅವಳ ಜೊತೆ ಕೂತು ಚಹಾ ಕುಡಿಯಲೂ ಇಲ್ಲ.

ಅವಳ ತಲೆ ತಿಂದದ್ದು ಒಡೆಯದ ಮೊಟ್ಟೆಗಳು. ಹಿಂಡಿ ತಿಂದ ಕೋಳಿಗಳು ಮೊಟ್ಟೆಯನ್ನೇನೋ ಚೆನ್ನಾಗಿಯೇ ಇಡುತ್ತಿದ್ದವು. ಕಾವು ಪೆಟ್ಟಿಗೆಯಲ್ಲಿಟ್ಟರೆ ಮಾತ್ರ ಬಹಳಷ್ಟರಿಂದ ಮರಿ ಹೊರಗೆ ಬರುತ್ತಿರಲಿಲ್ಲ. ಅವಳು ಅಂಥ ಮೊಟ್ಟೆಗಳನ್ನು ಒಡೆದು ನೋಡಿದಳು. ಒಳಗೆ ಮರಿ ಇರುತ್ತಿತ್ತು, ಕೊಕ್ಕು ಮೂಡಿರುತ್ತಿತ್ತು. ಕಾಲಿನ ಮಾಂಸಖಂಡ ಸೊರಗಿ, ಹುಟ್ಟುವ ಹೊಸ್ತಿಲಲ್ಲೇ ಸತ್ತಿರುತ್ತಿತ್ತು. ತಾಯಿಕೋಳಿಯ ಮೇವಿನಲ್ಲಿ ಯಾವುದೋ ಒಂದು ಅಂಶ ಇಲ್ಲ, ಅದು ಕಾಳಿನಲ್ಲಿ ಹಿಂಡಿಯಲ್ಲಿ ಸಿಗುವಂಥದ್ದಲ್ಲ, ಪ್ರಾಣಿಮೂಲದಿಂದಲೇ ಬರಬೇಕು ಎಂದು ವಿದೇಶಿ ಪತ್ರಿಕೆಗಳು ಹೇಳುತ್ತಿದ್ದವು. ಮುಂಬಯಿಯಲ್ಲಿ ಅದಕ್ಕೆ ಅಗ್ಗದ ದಾರಿ ಮೀನು. ಅಣ್ಣನಿಂದ ವರ್ಸೋವಾದ ಒಣಮೀನಿನ ಚೂರು ತರಿಸಿ, ಕುಟ್ಟಿ ಪುಡಿ ಮಾಡಿ, ಸ್ವಲ್ಪ ಸ್ವಲ್ಪ ಮೇವಿಗೆ ಬೆರೆಸಿದಳು. ಆ ಕೋಳಿಗಳ ಮೊಟ್ಟೆಯಿಂದ ಮರಿಗಳು ಚಿಲಿಪಿಲಿ ಎನ್ನುತ್ತ ಹೊರಬಂದವು.

ಸಂಗಪ್ಪನವರು ಆ ಮರಿಗಳನ್ನು ನೋಡಲು ಶೆಡ್ಡಿಗೆ ಬರಲೇ ಇಲ್ಲ. ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಲ್ಲೇ ನಿಂತು ಹೇಳಿದರು:

"ಏನ್ರೀ ಬಾಯಾರ, ಇದನ್ನ ಲ್ಯಾಬೊರೇಟರಿ ಅನ್ನೂದೋ ಮಚ್ಛಿ ಬಜಾರ ಅನ್ನೂದೋ? ನಾಳಿಂದ ಆ ಚೀಲ ಈ ಕಟ್ಟಡದಾಗ ಕಾಣಬಾರದು."

"ಆಯ್ತು ಸರ್, ಕಟ್ಟಡದ ಒಳಗೆ ಇಡುವುದಿಲ್ಲ" ಎಂದಳು ಶೀಲಾವತಿ. ಮರುದಿನ ಚೀಲಗಳನ್ನು ಹೊರಗೆ, ಸರಿಯಾಗಿ ಅವರ ಕೋಣೆಯ ಕಿಟಕಿಯ ಕೆಳಗೆ ಒಟ್ಟಿಸಿದಳು. ಸಂಗಪ್ಪನವರು ಬೇಸಿಗೆಯಿಡೀ ಕಿಟಕಿ ಮುಚ್ಚಿಕೊಂಡು ಕೂತರು. ಆ ದ್ವೇಷ ಅಲ್ಲಿಂದ ಮುಂದೆ ಇಳಿಯಲಿಲ್ಲ.

ಬೈಕುಲ್ಲಾದಲ್ಲಿ ಕಾಂತಪ್ಪ ಎಂಬವನ ಹೋಟೆಲಿತ್ತು. ಕುಂದಾಪುರದ ಕಡೆಯವನು, ಮೊಟ್ಟೆಯ ಪದಾರ್ಥಕ್ಕೆ ಹೆಸರು ಮಾಡಿದ್ದ. ಮೊಟ್ಟೆಗೆ ದಲಾಲಿಗಳ ಮರ್ಜಿ ಕಾಯುವುದು ಬೇಡವೆಂದು ಬೊರಿವಲಿಯ ಬಯಲಿನಲ್ಲಿ ಜಾಗ ಹಿಡಿದು ಬಿಳಿ ಲೆಗ್‌ಹಾರ್ನ್ ಕೋಳಿ ಸಾಕಲು ಹೊರಟಿದ್ದ. ಅವನಿಗೂ ಅದೇ ಗೋಳು: ಮೊಟ್ಟೆ ಉಂಟು, ಮರಿ ಇಲ್ಲ. ಶೀಲಾವತಿಯ ಪ್ರಯೋಗದ ಸುದ್ದಿ ಕೇಳಿ ಬಂದವನಿಗೆ ಅವಳು ಮೀನಿನ ಪುಡಿಯ ಲೆಕ್ಕ ಬರೆದುಕೊಟ್ಟಳು. ನಿಮಗೆ ಪುಡಿ ಕೊಡುವುದು ಯಾರು ಎಂದು ಅವನು ಕೇಳಿದ. ಅಣ್ಣನ ಹೆಸರು ಹೇಳಿದಳು. ಅಷ್ಟೇ. ಮುಂದಿನದನ್ನು ಕಾಂತಪ್ಪ ಮತ್ತು ಸೀನ ತಾವೇ ಮಾತಾಡಿಕೊಂಡರು. ಬೊರಿವಲಿಯಲ್ಲಿ ಮರಿಗಳು ಹುಟ್ಟತೊಡಗಿದವು; ಆ ಮರಿಗಳಿಗೂ ಅದೇ ಪುಡಿ ಬೆರೆಸಿದ ಮೇವು ಬಿತ್ತು. ಕಾಂತಪ್ಪನನ್ನು ನೋಡಿ ಉಳಿದ ಸಾಕಣೆದಾರರೂ ಕೇಳಿಕೊಂಡು ಬಂದರು. ಸೀನ ಬೋಟು ಬಿಟ್ಟು, ವರ್ಸೋವಾದಲ್ಲಿ ಒಂದು ಶೆಡ್ ಹಿಡಿದು, ಮೀನು ಕುಟ್ಟಿಸುವ ಕೆಲಸಕ್ಕೆ ಜನ ಇಟ್ಟ. ಶೀಲಾವತಿ ಅವನಿಗೆ ಒಂದೇ ಮಾತು ಹೇಳಿದ್ದಳು: ಬಿಸಿಲಿಗೆ ಹಾಕಿ ಒಣಗಿಸಿದ ಮೀನು ಮಾತ್ರ, ಉಪ್ಪು ಹಾಕಿದ್ದು ಬೇಡ.

೧೯೫೬ರ ಮಳೆಗಾಲ. ಒಂದು ಬೆಳಿಗ್ಗೆ ಕಾಂತಪ್ಪ ತಲೆಯಿಂದ ನೀರು ಸುರಿಸಿಕೊಂಡು ಪ್ರಯೋಗಾಲಯದೊಳಗೆ ನುಗ್ಗಿದ. ಕೈಯಲ್ಲಿದ್ದ ಬುಟ್ಟಿಯನ್ನು ಶೀಲಾವತಿಯ ಮೇಜಿನ ಮೇಲೆ ಬೋರಲು ಹಾಕಿದ. ಸತ್ತ ಮರಿಗಳು ಅವಳ ಗಾಜಿನ ಲೋಟಗಳ ನಡುವೆ ಉರುಳಿದವು.

"ನೋಡಿ! ನಿಮ್ಮ ಸಾಯನ್ಸ್ ನೋಡಿ! ಶೆಡ್ಡಿನಲ್ಲಿ ಇನ್ನೂ ಬಿದ್ದುಕೊಂಡುಂಟು, ಬಾಚಿ ತರ್ಲಿಕ್ಕೆ ಬುಟ್ಟಿ ಸಾಕಾಗ್ಲಿಲ್ಲ!"

ಗಲಾಟೆ ಕೇಳಿ ಸಂಗಪ್ಪನವರು ಬಂದರು. ಆ ದಿನ ಅವರ ಮೂಗಿಗೆ ಕರವಸ್ತ್ರ ಬೇಕಾಗಲಿಲ್ಲ. ಮೇಜಿನ ಮೇಲಿದ್ದ ಮರಿಗಳನ್ನು, ಶೀಲಾವತಿಯ ಮುಖವನ್ನು ನಿಧಾನವಾಗಿ ನೋಡಿದರು.

"ನಾ ಅಂದಿದ್ದಿಲ್ಲೇನ್ರಿ? ಮೀನ ತಿನಸೂದು ಇವರ ಆಟ. ಕಾಂತಪ್ಪನವರ, ನೀವು ಬರವಣಿಗಿ ಒಳಗ ದೂರು ಕೊಡ್ರಿ. ಮುಂದಿಂದು ನಾ ನೋಡಕೋತೀನಿ."

ಶೀಲಾವತಿ ಒಂದು ಮರಿಯನ್ನು ಎತ್ತಿ ಹೊಟ್ಟೆ ಒತ್ತಿ ನೋಡಿದಳು. ನೀರು ತುಂಬಿದ ಚೀಲದ ಹಾಗೆ ಅದು ಬೆರಳಿಗೆ ಜಗ್ಗಿತು. ಕೊಡೆ ಎತ್ತಿಕೊಂಡು, "ನಡೀರಿ, ನಿಮ್ಮ ಶೆಡ್ ತೋರ್ಸಿ" ಎಂದಳು.

ದಾದರ್‌ನಿಂದ ಬೊರಿವಲಿಯವರೆಗೆ ಕಾಂತಪ್ಪ ರೈಲಿನ ಬೇರೆ ಡಬ್ಬಿಯಲ್ಲಿ ಕೂತ.

ಶೆಡ್ಡಿನಲ್ಲಿ ಬದುಕಿದ್ದ ಮರಿಗಳು ಒಂದರ ಮೇಲೊಂದು ಹತ್ತಿ ನೀರಿನ ತಟ್ಟೆಗೆ ಮುಗಿಬಿದ್ದಿದ್ದವು. ಕುಡಿಯುವುದು, ತೂರಾಡುವುದು, ಮತ್ತೆ ಬಂದು ಕುಡಿಯುವುದು. ಕೆಲವು ಬೆನ್ನ ಮೇಲೆ ಬಿದ್ದು ಕಾಲಾಡಿಸುತ್ತ ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಿದ್ದವು. ಒಂದನ್ನು ಕೊಯ್ದು ನೋಡಿದಳು. ಹೊಟ್ಟೆಯಲ್ಲಿ ನೀರು, ಹೃದಯದ ಸುತ್ತಲೂ ನೀರು, ಮೂತ್ರಪಿಂಡಗಳು ಊದಿ ಬಿಳಿಚಿದ್ದವು. ಗೋಣಿಗೆ ಕೈಹಾಕಿ ಮೇವಿನ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು.

"ಥೂ, ಎಂತ ಮಾಡ್ತೀರಿ!" ಎಂದ ಕಾಂತಪ್ಪ.

ಆ ರುಚಿ ಅವಳಿಗೆ ಹುಟ್ಟಿದಾಗಿನಿಂದ ಗೊತ್ತು. ಮಳೆಗಾಲದ ಗಂಜಿಗೆ ಸುಟ್ಟುಕೊಳ್ಳುವ ಉಪ್ಪುಮೀನಿನ ರುಚಿ. ಅವಳು ಬಾಯಿ ತೊಳೆದುಕೊಂಡು, ಉಳಿದ ಮರಿಗಳಿಗೆ ಆ ಮೇವು ನಿಲ್ಲಿಸಿ ಬರೀ ಜೋಳದ ನುಚ್ಚು, ಬೇಕಾದಷ್ಟು ಸಿಹಿನೀರು ಕೊಡಿ ಎಂದು ಹೇಳಿ, ಪಕ್ಕದ ಗೋಣಿಯಿಂದ ಒಂದಿಷ್ಟು ಮೀನಿನ ಪುಡಿ ಕಟ್ಟಿಕೊಂಡು ಹೊರಟಳು. ಪ್ರಯೋಗಾಲಯದಲ್ಲಿ ಪುಡಿಯನ್ನು ನೀರಲ್ಲಿ ಕದಡಿ, ಸೋಸಿ, ಉಪ್ಪನ್ನು ಪತ್ತೆ ಹಚ್ಚುವ ಸಿಲ್ವರ್ ನೈಟ್ರೇಟಿನ ಹನಿ ಬಿಟ್ಟಳು. ನೀರು ಹಾಲಿನ ಹಾಗೆ ಬೆಳ್ಳಗೆ ಒಡೆಯಿತು. ಅಳೆದು ನೋಡಿದರೆ ಕೋಳಿಮರಿ ತಡೆಯುವುದರ ಎಷ್ಟೋ ಪಟ್ಟು ಉಪ್ಪು.

ಆಂಟಾಪ್ ಹಿಲ್‌ನ ಚಾಳಿನ ಒಂದೇ ಕೋಣೆಯ ಮನೆಯಲ್ಲಿ ಸೀನ ಊಟಕ್ಕೆ ಕೂತಿದ್ದ. ಸೇವಂತಿ ಬಡಿಸುತ್ತಿದ್ದಳು. ಶೀಲಾವತಿ ಒದ್ದೆ ಸೀರೆಯಲ್ಲೇ ಬಾಗಿಲಲ್ಲಿ ನಿಂತು ಕೇಳಿದಳು.

"ಅಣ್ಣ, ಬೊರಿವಲಿಗೆ ಕಳಿಸಿದ್ದು ಎಂತ ಮೀನು?"

"ಮೀನು ಅಂದ್ರೆ ಮೀನು."

"ಉಪ್ಪು ಹಾಕಿದ್ದು. ನಾನು ತಿಂದು ನೋಡಿದ್ದೇನೆ."

ಸೀನ ಬಟ್ಟಲು ದೂಡಿದ. "ಹೌದು, ಉಪ್ಪು ಹಾಕಿದ್ದೇ. ಈ ಮಳೆಗೆ ಬೋಟು ಇಳೀತದಾ? ಬಿಸಿಲುಂಟಾ? ಆ ಕಾಂತಪ್ಪ ಶೆಡ್ಡಿಗೇ ಬಂದು ಕೂತು ಮಾಲು ಕೊಡು, ಮಾಲು ಕೊಡು ಅಂದ್ರೆ ನಾನೆಲ್ಲಿಂದ ತರ್ಲಿ? ಗೋದಾಮಿನಲ್ಲಿ ಉಪ್ಪುಮೀನಿನ ಚೂರು ಉಳಿದಿತ್ತು, ಕುಟ್ಟಿಸಿ ಕೊಟ್ಟೆ. ಮನುಷ್ಯರು ತಿನ್ನುವುದಿಲ್ವಾ ಅದನ್ನು? ಕೋಳಿ ಎಂತ ದೊಡ್ಡ ಮಹಾರಾಜನಾ?"

"ಮನುಷ್ಯ ಒಂದು ಬಟ್ಟಲು ಗಂಜಿಗೆ ಒಂದು ತುಂಡು ತಿಂತಾನೆ. ಮರಿಗೆ ಬೆಳಿಗ್ಗೆಯಿಂದ ಸಂಜೆವರೆಗೆ ಅದೇ ಮೇವು. ಅಷ್ಟು ಉಪ್ಪನ್ನು ಹೊರಗೆ ಹಾಕ್ಲಿಕ್ಕೆ ಅದರ ಮೂತ್ರಪಿಂಡಕ್ಕೆ ಆಗುವುದಿಲ್ಲ. ನಾನು ಮೊದ್ಲೇ ಹೇಳಿದ್ದೆ ನಿನಗೆ."

"ಹೇಳಿದ್ದಿ! ಫ್ಯಾನಿನ ಅಡಿಯಲ್ಲಿ ಕೂತು ಹೇಳ್ಲಿಕ್ಕೆ ಎಂತ?" ಅವನ ದನಿ ಏರಿತು. ಮತ್ತೆ ತಾನೇ ತಗ್ಗಿಸಿದ. "ಈಗ ಆದದ್ದು ಆಯ್ತು. ಕೋಳಿಗೆ ರೋಗ ಬರ್ತದಲ್ಲ, ರಾಣಿಖೇತ್ ಅಂತ. ಅದೇ ಬಂತು ಅಂತ ಹೇಳು. ಮಳೆಗಾಲದಲ್ಲಿ ಯಾರು ಕೇಳ್ತಾರೆ?"

"ನಾನು ಕೇಳ್ತೇನೆ."

ಸೇವಂತಿ ಸೌಟು ಕೆಳಗಿಟ್ಟಳು. "ಅವನ ಅಂಗೈ ನೋಡಿದ್ದೀಯಾ ನೀನು? ಹಗ್ಗ ಎಳೆದು ಎಳೆದು ಚರ್ಮವೇ ಇಲ್ಲ. ನಿನ್ನನ್ನು ಓದಿಸ್ಲಿಕ್ಕೆ ಆದದ್ದು ಅದು. ರೋಗ ಅಂತ ಒಂದು ಸಾಲು ಬರೆದ್ರೆ ನಿನ್ನ ಪೆನ್ನು ಮುರೀತದಾ?"

ಶೀಲಾವತಿಯ ಹೆಸರು ನಂಬಿ ಜನ ಆ ಪುಡಿ ಕೊಂಡಿದ್ದರು ಎಂಬುದು ಇಬ್ಬರಿಗೂ ಲೆಕ್ಕಕ್ಕೇ ಬಂದಿರಲಿಲ್ಲ. "ರೋಗ ಅಂದ್ರೆ ನಾಳೆ ಇನ್ನೊಬ್ಬ ಅದೇ ಪುಡಿ ಹಾಕ್ತಾನೆ. ಅವನ ಮರಿಯೂ ಸಾಯ್ತದೆ" ಎಂದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ದಿನದಿಂದ ಒಂದೇ ಕೋಣೆಯಲ್ಲಿ ಮೂವರೂ ಬೆನ್ನು ಹಾಕಿಕೊಂಡು ಬದುಕಿದರು.

ಪ್ರಯೋಗಾಲಯದಲ್ಲಿ ಸಂಗಪ್ಪನವರು ಇನ್ನೊಂದು ಕಡೆಯಿಂದ ಬಂದರು. ತಮ್ಮ ಕೋಣೆಗೆ ಕರೆಸಿ, ಎಂದೂ ಇಲ್ಲದ್ದು, ಕುರ್ಚಿ ತೋರಿಸಿದರು.

"ಯಾರ ಮೀನು ಅಂಬೂದು ನನಗೂ ಗೊತ್ತಾಗೇದ್ರಿ. ನೌಕರಿಗೆ ಕುತ್ತು ಬರೂ ಕೆಲಸ ಅದು. ಆದರ ನಾ ನಿಮಗ ಅನ್ಯಾಯ ಮಾಡಾವ ಅಲ್ಲ. ಕೋಳಿಗೆ ಮೀನಿನ ಪುಡಿ ಅಪಾಯ, ಹಾಕಬಾರದು ಅಂತ ಬರದು ಸಹಿ ಮಾಡ್ರಿ. ನಿಮ್ಮಣ್ಣನ ಸುದ್ದೀನ ಬರೂದಿಲ್ಲ."

"ಮೀನಿನದ್ದಲ್ಲ ಸರ್ ತಪ್ಪು, ಉಪ್ಪಿನದ್ದು."

"ಎರಡೂ ಸಮುದ್ರದ್ದ ಅಲ್ಲೇನ್ರಿ?"

"ಹಿಂಡಿ ತಿಂದ ಕೋಳಿಯ ಮೊಟ್ಟೆಯೊಳಗೆ ಸತ್ತ ಮರಿಗಳನ್ನು ನೀವು ಒಮ್ಮೆಯೂ ನೋಡ್ಲಿಲ್ಲ. ಅವಕ್ಕೆ ಯಾರು ಸಹಿ ಮಾಡಬೇಕು?" ಎಂದು ಅವಳು ಎದ್ದಳು.

"ಹಿಂಗ ಮಾತಾಡಿದ್ರ ಇಲ್ಲೆ ಭಾಳ ದಿನ ಇರೂದಿಲ್ಲ ನೀವು" ಎಂದರು ಸಂಗಪ್ಪನವರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ಹೆಚ್ಚು ಚುಚ್ಚಿತು.

ಅಂತೂ ಎರಡು ಸುಳ್ಳು ಅವಳ ಮುಂದಿದ್ದವು. ಯಾವುದನ್ನು ಬರೆದರೂ ಅಣ್ಣ ಉಳಿಯುತ್ತಿದ್ದ. ಅವಳು ಎರಡನ್ನೂ ಬರೆಯದೆ ಪ್ರಯೋಗಕ್ಕೆ ಕೂತಳು. ಸೀನನ ಪುಡಿಯನ್ನು ಎರಡು ಪಾಲು ಮಾಡಿದಳು. ಒಂದು ಪಾಲನ್ನು ಇದ್ದ ಹಾಗೇ ಮೇವಿಗೆ ಬೆರೆಸಿದಳು. ಇನ್ನೊಂದನ್ನು ಮತ್ತೆ ಮತ್ತೆ ನೀರಲ್ಲಿ ತೊಳೆದು, ಉಪ್ಪು ಬಿಡಿಸಿ, ಒಲೆಯ ಶಾಖಕ್ಕೆ ಒಣಗಿಸಿ ಬೆರೆಸಿದಳು. ಒಂದೇ ದಿನ ಹುಟ್ಟಿದ ಮರಿಗಳನ್ನು ಎರಡು ಗೂಡಿನಲ್ಲಿ ಬಿಟ್ಟಳು. ಮೊದಲ ಗೂಡಿನವು ನೀರಿಗೆ ಮುಗಿಬಿದ್ದು, ಊದಿ, ಸತ್ತವು. ಅವು ಸಾಯುತ್ತವೆ ಎಂದು ಗೊತ್ತಿದ್ದೂ ತಾನೇ ತಿನ್ನಿಸಿದ್ದರಿಂದ ಅವಳಿಗೆ ಕೆಲವು ದಿನ ಅನ್ನ ಇಳಿಯಲಿಲ್ಲ. ಎರಡನೇ ಗೂಡಿನವು ರೆಕ್ಕೆ ಬಲಿತು ಓಡಾಡಿದವು. ಮೀನು ಅದೇ. ಹೋದದ್ದು ಉಪ್ಪು ಮಾತ್ರ.

ಕೋಳಿ ಸಾಕುವವರು ಕಾಂತಪ್ಪನ ಹೋಟೆಲಿನ ಮಾಳಿಗೆಯಲ್ಲಿ ಸಭೆ ಕರೆದರು. ಬೇರೆ ಶೆಡ್ಡುಗಳಲ್ಲೂ ಮರಿ ಸತ್ತಿದ್ದವು. ಯಾರನ್ನಾದರೂ ಹಿಡಿದು ಕೇಳಬೇಕಾಗಿತ್ತು. ಸಂಗಪ್ಪನವರು ಮುಂದಿನ ಸಾಲಿನಲ್ಲಿ ಕೂತಿದ್ದರು. ಸೀನ ಹಿಂದಿನ ಗೋಡೆಗೆ ಒರಗಿ ನಿಂತಿದ್ದ. ತಂಗಿ ಕೊನೆಯ ಗಳಿಗೆಯಲ್ಲಿ ಕೈಬಿಡಲಾರಳು ಎಂದು ಅವನು ನಂಬಿಕೊಂಡೇ ಬಂದಿದ್ದ.

ಶೀಲಾವತಿ ಎರಡು ಪಂಜರ ಮೇಜಿನ ಮೇಲಿಟ್ಟಳು. ಒಂದರಲ್ಲಿ ಜೀವಂತ ಮರಿಗಳು, ಇನ್ನೊಂದು ಖಾಲಿ. ತಾನು ಮಾಡಿದ್ದನ್ನು ನೇರವಾಗಿ ಹೇಳಿದಳು. ಮೀನು ಬಿಡಬೇಡಿ, ಉಪ್ಪುಮೀನು ಬಿಡಿ. ಪುಡಿ ಕೊಳ್ಳುವ ಮುಂಚೆ ಉಪ್ಪಿನ ಪರೀಕ್ಷೆ ಮಾಡಿಸಿ ಎಂದಳು.

"ಆ ಉಪ್ಪುಮೀನು ಮಾರಿದ್ದು ಯಾರು? ಅದು ಹೇಳಿ ಮೊದ್ಲು" ಎಂದು ಕಾಂತಪ್ಪ ಕೂಗಿದ. ಅವನಿಗೆ ಗೊತ್ತಿತ್ತು; ಅವಳ ಬಾಯಿಂದಲೇ ಬರಬೇಕಿತ್ತು.

"ನನ್ನ ಅಣ್ಣ."

ಮಾಳಿಗೆ ಅಲ್ಲಾಡುವ ಹಾಗೆ ಗದ್ದಲ ಎದ್ದಿತು. "ಕೇಳಿದ್ರಾ? ತಂಗಿ ಚೀಟಿ ಬರೆಯುವುದು, ಅಣ್ಣ ಚೀಲ ಹೊರುವುದು! ಮಿಲಿಭಗತ್ ಇದು, ಇಬ್ಬರೂ ಸೇರಿ ಮಾಡಿದ್ದು!" ಎಂದು ಕಾಂತಪ್ಪ ಮೇಜು ಗುದ್ದಿದ. ಮರಾಠಿಯಲ್ಲಿ, ಗುಜರಾತಿಯಲ್ಲಿ ಬೈಗುಳ ಬಂದವು. ಮಳೆಗಾಲದಲ್ಲಿ ಒಣಮೀನು ಎಲ್ಲಿಂದ ಬರುತ್ತದೆ ಎಂದು ಕೊಳ್ಳುವಾಗ ನೀವೂ ಕೇಳಲಿಲ್ಲವಲ್ಲ ಎಂದು ಅವಳು ಹೇಳಿದ್ದು ಕಾಂತಪ್ಪನನ್ನು ಇನ್ನಷ್ಟು ಕೆರಳಿಸಿತು. ಸಂಗಪ್ಪನವರು ಕೊಡೆ ಎತ್ತಿಕೊಂಡು, ತೃಪ್ತರಾಗಿ ಮೆಟ್ಟಿಲಿಳಿದರು.

ಸೀನ ಜನರನ್ನು ಸರಿಸಿಕೊಂಡು ಮುಂದೆ ಬಂದ. ಹೊಡೆಯುತ್ತಾನೆಂದು ಎಲ್ಲರೂ ಅಂದುಕೊಂಡರು. ಅವನು ಹತ್ತಿರ ನಿಂತು, ತುಳುವಿನಲ್ಲಿ, ಅವಳಿಗೆ ಮಾತ್ರ ಕೇಳುವ ಹಾಗೆ ಹೇಳಿದ: "ಅಪ್ಪ ಸತ್ತಾಗ ನನಗೆ ಒಬ್ಬಳು ತಂಗಿ ಇದ್ಲು. ಈಗ ಅವಳೂ ಸತ್ಲು."

ಅವಳು ಚಾಳಿಗೆ ಮರಳಿದಾಗ ಅವಳ ಟ್ರಂಕು, ಹಾಸಿಗೆ ಬಾಗಿಲ ಹೊರಗೆ ಗ್ಯಾಲರಿಯಲ್ಲಿದ್ದವು. ಬಾಗಿಲು ಒಳಗಿನಿಂದ ಹಾಕಿತ್ತು. "ಅಮ್ಮ" ಎಂದು ಕರೆದಳು. ಒಳಗೆ ಪಾತ್ರೆಯ ಸದ್ದು ನಿಂತಿತು, ಬಾಗಿಲು ತೆರೆಯಲಿಲ್ಲ. ಅಕ್ಕಪಕ್ಕದವರು ತಂತಮ್ಮ ಬಾಗಿಲಲ್ಲಿ ನಿಂತು ನೋಡಿದರು. ಟ್ರಂಕಿನ ಇನ್ನೊಂದು ಹಿಡಿ ಹಿಡಿಯಲು ಯಾರೂ ಬರಲಿಲ್ಲ. ಮೆಟ್ಟಿಲಿಗೆ ಬಡಿಸಿಕೊಳ್ಳುತ್ತ ತಾನೇ ಎಳೆದುಕೊಂಡು ಇಳಿದಳು. ಬೈಕುಲ್ಲಾದಲ್ಲಿ ನರ್ಸುಗಳಿದ್ದ ಒಂದು ವಸತಿಯಲ್ಲಿ ಅವಳಿಗೆ ಮಂಚ ಸಿಕ್ಕಿತು.

ಆ ನವೆಂಬರಿನಲ್ಲಿ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದವು. ಸಂಗಪ್ಪನವರು ಊರ ಕಡೆಯ ಸೇವೆ ಆರಿಸಿಕೊಂಡು ಹೊರಟರು. ಹೋಗುವ ಮುಂಚೆ, ಸಂಬಂಧಿಕರ ಮಾಲನ್ನು ಶಿಫಾರಸು ಮಾಡಿದ್ದಾಳೆಂದು ಶೀಲಾವತಿಯ ಮೇಲೆ ವರದಿ ಬರೆದಿಟ್ಟು ಹೋದರು. ವಿಚಾರಣೆ ನಡೆಯಿತು. ಅವಳು ಲಾಭ ಪಡೆದದ್ದು ಸಾಬೀತಾಗಲಿಲ್ಲ, ಬಡ್ತಿ ಮಾತ್ರ ನಿಂತುಹೋಯಿತು. ಬೀಳ್ಕೊಡುಗೆಯ ದಿನ ಅವಳು ಹಾರಕ್ಕೆ ಚಂದಾ ಕೊಡಲಿಲ್ಲ. ಶೆಡ್ಡಿನಲ್ಲಿ ಮೊಟ್ಟೆ ತೂಗುತ್ತ ಕೂತಿದ್ದಳು.

ಕಾಂತಪ್ಪ ಬೇರೆ ಕಡೆಯಿಂದ ಮೀನಿನ ಪುಡಿ ತರಿಸಿ, ಪರೀಕ್ಷೆ ಮಾಡಿಸಿಯೇ ಹಾಕಿ, ಫಾರಂ ಬೆಳೆಸಿದ. ಒಮ್ಮೆ ಬೊರಿವಲಿ ಸ್ಟೇಷನ್ನಿನಲ್ಲಿ ಎದುರುಬದುರಾದಾಗ ಅವನು ಹಳಿಯ ಕಡೆ ಮುಖ ತಿರುಗಿಸಿದ. ಅವಳ ಸಂಶೋಧನೆಯ ಲೇಖನ ಅಚ್ಚಾಯಿತು. ಉಪ್ಪು ನೋಡದೆ ಪುಡಿ ಕೊಳ್ಳಬಾರದೆಂಬುದು ಮೆಲ್ಲಗೆ ಮೇವಿನ ವ್ಯಾಪಾರಿಗಳಲ್ಲಿ ರೂಢಿಯಾಯಿತು; ಪರೀಕ್ಷೆಯ ಚೀಲಗಳು ಅವಳ ಮೇಜಿಗೇ ಬರತೊಡಗಿದವು. ಅವರ ಬಾಯಲ್ಲಿ ಅವಳು ಮೀನ್‌ಪುಡಿ ಶೀಲಾವತಿಯಾದಳು. ಮರ್ಯಾದೆಗೆ ಹೇಳಿದ್ದಲ್ಲ ಅದು. ಅವಳು ಪಾಸು ಮಾಡದ ಚೀಲ ಹೊತ್ತು ವಾಪಸು ಹೋಗುವವರು ಗೇಟಿನಲ್ಲಿ ಉಗಿದು ಹೇಳುತ್ತಿದ್ದದ್ದು.

ಸೀನ ಎರಡು ವರ್ಷ ಮತ್ತೆ ಬೋಟಿಗೆ ಹೋದ. ೧೯೫೯ರ ಬೇಸಿಗೆಯಲ್ಲಿ, ಸರ್ಕಾರಿ ಕೋಳಿ ಫಾರಮ್ಮುಗಳಿಗೆ ಪುಡಿ ಒದಗಿಸಲು ಬಂದವರ ಸಾಲಿನಲ್ಲಿ, ಅವನು ಒಂದು ಸಣ್ಣ ಚೀಲ ಹಿಡಿದು ಅವಳ ಮೇಜಿನ ಮುಂದೆ ನಿಂತ. ಕೂದಲು ಬೆಳ್ಳಗಾಗತೊಡಗಿತ್ತು.

"ಸ್ಯಾಂಪಲ್, ಮೇಡಂ" ಎಂದ.

ಶೀಲಾವತಿ ಚೀಲ ತೆಗೆದುಕೊಂಡಳು. ಗಂಟು ಬಿಚ್ಚುತ್ತ, ತಲೆಯೆತ್ತದೆ, "ಅಮ್ಮ ಹೇಗಿದ್ದಾರೆ?" ಎಂದು ಕೇಳಿದಳು.

"ಪರೀಕ್ಷೆಗೆ ತಂದದ್ದು ಮೀನು. ಅದರ ವಿಷಯ ಕೇಳಿ."

ಅವಳು ಪುಡಿಯನ್ನು ನೀರಲ್ಲಿ ಕದಡಿ, ಸೋಸಿ, ಅಳೆದಳು. ಉಪ್ಪು ಮಿತಿ ದಾಟಿರಲಿಲ್ಲ, ಅದಕ್ಕಿಂತ ಕಡಿಮೆಯೇ ಇತ್ತು. ನಂಬಿಕೆ ಬರಲಿಲ್ಲ. ಚೀಲದ ತಳದಿಂದ ಇನ್ನೊಂದು ಹಿಡಿ ತೆಗೆದು ಮೊದಲಿನಿಂದ ಮಾಡಿದಳು. ಸೀನ ಕೈಕಟ್ಟಿ ನಿಂತು ಅವಳು ಎರಡನೇ ಸಲ ಮಾಡುವುದನ್ನು ಪೂರ್ತಿ ನೋಡಿದ. ಆ ಸಲವೂ ಸರಿಯಾಗಿಯೇ ಬಂತು.

ಸಹಿ ಹಾಕಿ ಚೀಟಿ ಮುಂದೆ ಚಾಚಿದಳು. ಅವನು ಮೇಜಿನ ಅಂಚಿನಿಂದ ಅದನ್ನು ಎಳೆದುಕೊಂಡು, ಅವಳ ಬೆರಳು ತಾಗದ ಹಾಗೆ ಮಡಚಿ, ಅಂಗಿಯ ಜೇಬಿಗೆ ಹಾಕಿಕೊಂಡು ಹೊರಟುಹೋದ. ಸಾಲಿನಲ್ಲಿದ್ದ ಮುಂದಿನವನು ತನ್ನ ಚೀಲವನ್ನು ಮೇಜಿನ ಮೇಲಿಟ್ಟ.